ಗೂಡಲೂರಿನ ನೆಲದ ಪ್ರಶ್ನೆ: ಆದಿವಾಸಿ, ವಲಸಿಗ ಮತ್ತು ಸರ್ಕಾರದ ಬೊಕ್ಕಸ

ಗುಂಡ್ಲುಪೇಟೆಯಿಂದ ಬಂಡೀಪುರ, ಮುದುಮಲೆಯ ಕಾಡುಗಳನ್ನು ದಾಟಿ ಊಟಿಯ ಕಡೆಗೆ ಸಾಗುವವರಿಗೆ ಘಟ್ಟ ಏರುವ ಮುನ್ನ ಸಿಗುವ ಪಟ್ಟಣ ಗೂಡಲೂರು. ತಮಿಳುನಾಡು, ಕೇರಳ, ಕರ್ನಾಟಕಗಳು ಸಂಧಿಸುವ ಈ ಮೂಲೆಯಲ್ಲಿ ಅರ್ಧ ಶತಮಾನದಿಂದ ಒಂದು ವಾದ ಮುಗಿಯದೆ ನಡೆದಿದೆ. ಈ ನೆಲದ ಮೇಲೆ ಮೊದಲ ಹಕ್ಕು ಆದಿವಾಸಿಗಳದಲ್ಲವೇ? ಹೊರಗಿನಿಂದ ಬಂದು ತಲೆಮಾರುಗಳಿಂದ ದುಡಿದವರಿಗೆ ಇಲ್ಲಿ ಹಕ್ಕಿಲ್ಲವೇ? ಈ ಎರಡೂ ಬಳಗಗಳಿಗಾಗಿ ಸರ್ಕಾರ ವ್ಯಯಿಸುವ ತೆರಿಗೆಯ ಹಣಕ್ಕೆ ಲೆಕ್ಕವೆಲ್ಲಿ? ಚುನಾವಣೆ ಬಂದಾಗ ಮೂರೂ ಪ್ರಶ್ನೆಗಳು ಬೇರೆ ಬೇರೆ ವೇದಿಕೆಗಳಿಂದ ಕೇಳಿಬರುತ್ತವೆ. ಬೇರೆ ಬೇರೆಯಾಗಿ ಕೇಳಿದಷ್ಟು ಕಾಲ ಅವುಗಳಿಗೆ ಸಿಟ್ಟಿನ ಉತ್ತರಗಳೇ ದೊರೆಯುವುದು. ಮೂರರ ಬೇರೂ ಒಂದೇ ಕಡೆಯಲ್ಲಿದೆ: 1969ರ ಕಾನೂನೊಂದರ ಮೂಲಕ ಸರ್ಕಾರ ಈ ಭೂಮಿಯನ್ನು ತನ್ನ ಕೈಗೆ ತೆಗೆದುಕೊಂಡಿತು, ಅದು ಯಾರದೆಂದು ಹೇಳುವ ಕೆಲಸವನ್ನು ಇಂದಿಗೂ ಪೂರ್ತಿಗೊಳಿಸಿಲ್ಲ.

ಗೂಡಲೂರು ಸೀಮೆ ಮೂಲತಃ ವಯನಾಡಿನ ಆಗ್ನೇಯ ಭಾಗ. ಬ್ರಿಟಿಷರು 1877ರಲ್ಲಿ ಇದನ್ನು ಮಲಬಾರ್ ಜಿಲ್ಲೆಯಿಂದ ಬಿಡಿಸಿ ನೀಲಗಿರಿಗೆ ಸೇರಿಸಿದರು. ಆಡಳಿತ ಬದಲಾದರೂ ಭೂಮಿಯ ಒಡೆತನದ ಪದ್ಧತಿ ಮಲಬಾರಿನದೇ ಉಳಿಯಿತು. ಮಲಬಾರಿನಲ್ಲಿ ಭೂಮಿಯ ಪರಂಪರಾಗತ ಒಡೆತನಕ್ಕೆ ‘ಜನ್ಮಂ’ ಎಂದು ಹೆಸರು, ಒಡೆಯನಿಗೆ ‘ಜನ್ಮಿ’ ಎಂದು. ಗೂಡಲೂರಿನ ಬಹುಭಾಗದ ಜನ್ಮಿ ನಿಲಂಬೂರಿನ ಕೋವಿಲಗಂ, ಅಂದರೆ ಅಲ್ಲಿನ ರಾಜಮನೆತನ. ಘಟ್ಟದ ಕೆಳಗೆ ಕುಳಿತ ಒಡೆಯನಿಗೆ ಮೇಲಿನ ಕಾಡಿನಲ್ಲಿ ಯಾರಿದ್ದಾರೆಂಬುದು ಎಷ್ಟರಮಟ್ಟಿಗೆ ತಿಳಿದಿತ್ತೋ!

ಅಲ್ಲಿ ಇದ್ದವರು ಪಣಿಯರು, ಕಾಟ್ಟುನಾಯಕರು, ಬೆಟ್ಟ ಕುರುಂಬರು, ಮುಳ್ಳು ಕುರುಂಬರು, ಇರುಳರು. ಇವರಲ್ಲಿ ಕಾಟ್ಟುನಾಯಕರ ನುಡಿ ಕನ್ನಡಕ್ಕೆ ಬಲು ಹತ್ತಿರದ್ದು. ಗಡಿಯ ಈಚೆಗಿನ ಜೇನುಕುರುಬರಿಗೆ ಅವರು ಬಂಧುಗಳು. ಇವರೊಂದಿಗೆ ಬೇಸಾಯ ಮಾಡಿಕೊಂಡಿದ್ದ ಎರಡು ಚೆಟ್ಟಿ ಸಮುದಾಯಗಳೂ ಇವೆ. ವಯನಾಡನ್ ಚೆಟ್ಟಿಗಳ ಮಾತು ಮಲಯಾಳದ ಬಗೆಯದು. ಮೌಂಡಾಡನ್ ಚೆಟ್ಟಿಗಳದು ಕನ್ನಡದ ಒಂದು ರೂಪವೆಂದು ಬ್ರಿಟಿಷರ ಕಾಲದ ಗೆಜೆಟಿಯರುಗಳೇ ದಾಖಲಿಸಿವೆ. ಚೆಟ್ಟಿಗಳು ಜನ್ಮಿಯಿಂದ ಗದ್ದೆ ಪಡೆದು ಉತ್ತರು. ಆ ಗದ್ದೆಗಳಲ್ಲಿ ಜೀತದಾಳುಗಳಾಗಿ ದುಡಿದವರು ಪಣಿಯರು. ಕನ್ನಡದ ಬಂಧುತ್ವವನ್ನು ನೆನೆಯುವಾಗ ಈ ಮಾತನ್ನು ಮರೆಮಾಚಬಾರದು.

ಹೊರಗಿನವರ ಮೊದಲ ದೊಡ್ಡ ಅಲೆ ಬಂದದ್ದು ಕಾಫಿ ಮತ್ತು ಚಿನ್ನದ ಆಸೆಯಿಂದ. 1879ರಲ್ಲಿ ಸರ್ಕಾರ ಆಸ್ಟ್ರೇಲಿಯಾದ ಗಣಿ ತಜ್ಞ ಬ್ರೋ ಸ್ಮಿತ್ ಎಂಬಾತನನ್ನು ಕರೆಸಿ ದೇವಾಲ, ಪಂದಲೂರುಗಳ ಬಂಡೆಗಳನ್ನು ಪರೀಕ್ಷಿಸಿತು. ಅವನ ವರದಿಯ ಬೆನ್ನಿಗೆ ಲಂಡನ್ನಿನಲ್ಲಿ 30ಕ್ಕೂ ಹೆಚ್ಚು ಕಂಪನಿಗಳು ಹುಟ್ಟಿಕೊಂಡವು. ಅವುಗಳ ಘೋಷಿತ ಬಂಡವಾಳವೇ ಸುಮಾರು 40 ಲಕ್ಷ ಪೌಂಡು. ಕೆಲವೇ ವರ್ಷಗಳಲ್ಲಿ ಎಲ್ಲವೂ ಮುಳುಗಿಹೋದವು. ಹಣ ಹೋಯಿತು, ಆದರೆ ಜನ್ಮಿಯಿಂದ ಕಂಪನಿಗಳು ಪಡೆದಿದ್ದ ಗುತ್ತಿಗೆಗಳು ಹೋಗಲಿಲ್ಲ. ಕಾಲಕ್ರಮದಲ್ಲಿ ಆ ಸೀಮೆಯೇ ಚಹಾ ತೋಟಗಳ ಸೀಮೆಯಾಯಿತು. ಆಮೇಲಿನ ಅಲೆ ತಿರುವಾಂಕೂರಿನ ರೈತರದು. ಎರಡನೆಯ ಮಹಾಯುದ್ಧದ ಕಾಲದ ಆಹಾರದ ಅಭಾವದಿಂದ ಮೊದಲ್ಗೊಂಡು ಅವರು ವಯನಾಡಿನಂತೆ ಇಲ್ಲಿಗೂ ಬಂದು ಕಾಡು ಕಡಿದು ನೆಲೆಸಿದರು.

ಮೂರನೆಯ ಅಲೆ ತಾನಾಗಿ ಬಂದದ್ದಲ್ಲ, ಸರ್ಕಾರಗಳೇ ತಂದದ್ದು. ಗೂಡಲೂರಿನ ವಾದದಲ್ಲಿ ಅತ್ಯಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇದರ ಬಗೆಗೇ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ತಮಿಳು ಸೀಮೆಯ ಬಡ ಕೂಲಿಗಳನ್ನು ಸಿಂಹಳದ ಬೆಟ್ಟದ ತೋಟಗಳಿಗೆ ಒಯ್ದಿದ್ದರು. ಸ್ವತಂತ್ರವಾದೊಡನೆ, 1948ರಲ್ಲಿ, ಸಿಂಹಳ ತನ್ನ ಪೌರತ್ವ ಕಾನೂನಿನಿಂದ ಅವರನ್ನು ಹೊರಗಿಟ್ಟಿತು. ಅವರು ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಒಪ್ಪಂದ ಮಾಡಿಕೊಂಡರು: 5,25,000 ಜನರನ್ನು ಭಾರತ ತೆಗೆದುಕೊಳ್ಳುವುದು, 3,00,000 ಜನರಿಗೆ ಸಿಂಹಳ ಪೌರತ್ವ ಕೊಡುವುದು, ಉಳಿದ 1,50,000 ಜನರ ಮಾತನ್ನು ಮುಂದೆ ನೋಡಿಕೊಳ್ಳುವುದು. 1974ರಲ್ಲಿ ಆ ಉಳಿದವರನ್ನೂ ಸಮನಾಗಿ ಹಂಚಿಕೊಂಡರು. ಹತ್ತು ಲಕ್ಷದಷ್ಟು ಮನುಷ್ಯರನ್ನು ಎರಡು ದೇಶಗಳು ಹೀಗೆ ಪಾಲು ಮಾಡಿಕೊಂಡವು. ಅವರ ಅಭಿಪ್ರಾಯ ಕೇಳಿದವರಿಲ್ಲ.

ಹಾಗೆ ಬಂದವರನ್ನು ‘ಮರಳಿ ಬಂದವರು’ ಎಂದು ಸರ್ಕಾರ ಕರೆಯಿತು. 1983ರ ಗಲಭೆಗಳ ನಂತರ ದೋಣಿ ಹತ್ತಿ ಬಂದು ಶಿಬಿರಗಳಲ್ಲಿ ಉಳಿದ ನಿರಾಶ್ರಿತರು ಬೇರೆ, ಇವರು ಬೇರೆ. ನಿರಾಶ್ರಿತರಿಗೆ ಭಾರತದ ಪೌರತ್ವವಿಲ್ಲ. ಒಪ್ಪಂದದಂತೆ ಮರಳಿ ಬಂದವರು ಭಾರತದ ಪೌರರು. ಎರಡನ್ನೂ ಒಂದೇ ಮಾಡಿ ‘ವಿದೇಶಿಯರಿಗೆ ನಮ್ಮ ತೆರಿಗೆ ಹಣವೇಕೆ’ ಎಂದು ಕೇಳುವುದು ಅಜ್ಞಾನದಿಂದಲೂ ಇರಬಹುದು, ಅನುಕೂಲಕ್ಕಾಗಿಯೂ ಇರಬಹುದು. ನಮ್ಮ ನೆರೆಯಲ್ಲಿಯೇ ಸುಳ್ಯ, ಪುತ್ತೂರು ತಾಲೂಕುಗಳ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ದುಡಿಯುವ ತಮಿಳು ಕುಟುಂಬಗಳನ್ನು ಕಾಸರಗೋಡಿನ ಓದುಗರು ಬಲ್ಲರು. ಅವರೂ ಇದೇ ಒಪ್ಪಂದದ ಮಕ್ಕಳು.

ನೀಲಗಿರಿಯಲ್ಲಿ ಇವರಿಗೆ ಕೆಲಸ ಕೊಡಲೆಂದು 1968ರಲ್ಲಿ ಅರಣ್ಯ ಇಲಾಖೆಯೇ ಕಾಡು ಕಡಿದು ಚಹಾ ನೆಡಲು ಆರಂಭಿಸಿತು. ಅದೇ ಮುಂದೆ ತಮಿಳುನಾಡು ಚಹಾ ತೋಟ ನಿಗಮ, ಜನರ ಬಾಯಲ್ಲಿ ‘ಟ್ಯಾಂಟೀ’. ಒಟ್ಟು ತೋಟ ಸುಮಾರು 4,000 ಹೆಕ್ಟೇರ್, ಅದರಲ್ಲಿ ದೊಡ್ಡ ಪಾಲು ಗೂಡಲೂರು, ಪಂದಲೂರುಗಳಲ್ಲಿ. ಭೂಮಿ ಮಾತ್ರ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು, ನಿಗಮ ಗುತ್ತಿಗೆದಾರ. ಹೀಗಾಗಿ ಕಾರ್ಮಿಕರಿಗೆ ದೊರೆತದ್ದು ಕೂಲಿ ಮತ್ತು ಲೈನ್ ಮನೆ. ಕೆಲಸ ಇರುವವರೆಗೆ ಮನೆ, ನಿವೃತ್ತರಾದರೆ ಬಿಡಬೇಕು. ಕಡಿದ ಕಾಡಿನಲ್ಲಿ ಜೇನು, ಗೆಡ್ಡೆ, ಸೌದೆ ಆರಿಸುತ್ತಿದ್ದ ಆದಿವಾಸಿಗಳನ್ನು ಯಾರೂ ಕೇಳಲಿಲ್ಲ. ಒಂದು ಅನ್ಯಾಯದ ಪರಿಹಾರಕ್ಕೆ ಇನ್ನೊಂದು ಬಡ ಜನರ ಕಾಡನ್ನು ಉಪಯೋಗಿಸಿಕೊಂಡರು.

ಇದೇ ಹೊತ್ತಿಗೆ ಬಂದದ್ದು 1969ರ ಗೂಡಲೂರು ಜನ್ಮಂ ಎಸ್ಟೇಟುಗಳ ರದ್ದತಿ ಕಾನೂನು. ಸುಮಾರು 80,000 ಎಕರೆ ಜನ್ಮಂ ಭೂಮಿಯನ್ನು ಸರ್ಕಾರಕ್ಕೆ ಸೇರಿಸಿ, ಉಳುವವನಿಗೆ ರಯತವಾರಿ ಪಟ್ಟಾ ಕೊಡುವುದು ಅದರ ಉದ್ದೇಶ. ಶಾಲೆಯ ಸಮಾಜ ಪಾಠದಲ್ಲಿ ಜಮೀನ್ದಾರಿ ರದ್ದಾಯಿತು ಎಂದು ಮಕ್ಕಳು ಒಂದು ವಾಕ್ಯದಲ್ಲಿ ಓದುವ ಸಂಗತಿ ನೆಲದ ಮೇಲೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮೂರು ವರ್ಷ ಸತತವಾಗಿ ತಾನೇ ಸಾಗುವಳಿ ಮಾಡಿದ್ದೇನೆಂದು ತೋರಿಸಿದ ಜನ್ಮಿಗೂ ಗೇಣಿದಾರನಿಗೂ ಪಟ್ಟಾ. ಗೇಣಿ ಚೀಟಿ ಇದ್ದವರು ತೋರಿಸಿದರು. ಚೀಟಿಯನ್ನೇ ಕಾಣದ ಪಣಿಯರು, ಕಾಟ್ಟುನಾಯಕರು ಏನನ್ನು ತೋರಿಸಬೇಕು? ತೋಟದ ಕಂಪನಿಗಳು ಜನ್ಮಿಯಿಂದ ಗುತ್ತಿಗೆಗೆ ಪಡೆದ ಭೂಮಿ 17ನೆಯ ಸೆಕ್ಷನಿಗೆ ಬಂತು. ಅಲ್ಲಿ ಜನ್ಮಿಯ ಸ್ಥಾನದಲ್ಲಿ ಸರ್ಕಾರ ಕುಳಿತಿತು. ಗೂಡಲೂರಿನಲ್ಲಿ ಇಂದು ‘ಸೆಕ್ಷನ್ 17’ ಎಂಬುದು ಮಕ್ಕಳೂ ಬಲ್ಲ ಶಬ್ದ. ಆ ಭೂಮಿಯಲ್ಲಿ ಮನೆ ಕಟ್ಟಿಕೊಂಡ ಸಾವಿರಾರು ಕುಟುಂಬಗಳಿಗೆ ಪಟ್ಟಾ ಇಲ್ಲ, ವಿದ್ಯುತ್ ಸಂಪರ್ಕಕ್ಕೂ ಪರದಾಟ.

ಕಾನೂನಿಗೆ ತೋಟದವರು ತಡೆಯೊಡ್ಡಿದರು. ಕಾಡುಗಳನ್ನು ಸರ್ಕಾರಕ್ಕೆ ಸೇರಿಸುವುದು ಭೂಸುಧಾರಣೆ ಆಗದೆಂದು 1972ರಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ಹೊಡೆದುಹಾಕಿತು. 1974ರಲ್ಲಿ ಸಂಸತ್ತು ಸಂವಿಧಾನದ 34ನೆಯ ತಿದ್ದುಪಡಿಯಿಂದ ಇಡೀ ಕಾನೂನನ್ನು ಒಂಬತ್ತನೆಯ ಅನುಸೂಚಿಗೆ ಸೇರಿಸಿ ರಕ್ಷಣೆ ಕೊಟ್ಟಿತು. ಆ ರಕ್ಷಣೆಯನ್ನೇ ಪ್ರಶ್ನಿಸಿದ ಮೊಕದ್ದಮೆಯೇ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಐ. ಆರ್. ಕೊಯೆಲ್ಹೊ ಪ್ರಕರಣ. 2007ರ ಜನವರಿಯಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ಒಂಬತ್ತನೆಯ ಅನುಸೂಚಿಯ ಕಾನೂನುಗಳೂ ಸಂವಿಧಾನದ ಮೂಲ ರಚನೆಯ ಪರೀಕ್ಷೆಗೆ ಒಳಪಡುತ್ತವೆ ಎಂದು ಸಾರಿತು. 2010ರಲ್ಲಿ ಗ್ಲೆನ್‌ರಾಕ್ ಎಸ್ಟೇಟ್ ಪ್ರಕರಣದಲ್ಲಿ ಜನ್ಮಂ ಕಾನೂನಿಗೆ ಕೊಟ್ಟ ರಕ್ಷಣೆ ಸಿಂಧುವೆಂದಾಯಿತು. ಅಷ್ಟರಲ್ಲಿ ಕಳೆದುಹೋದದ್ದು ನಾಲ್ಕು ದಶಕ. ಇದರ ನಡುವೆ, 1995ರಲ್ಲಿ, ತಮ್ಮ ಮನೆತನದ ಹಳೆಯ ಕಾಡುಗಳ ನಾಶವನ್ನು ಕಂಡು ನಿಲಂಬೂರು ಕೋವಿಲಗಮಿನ ಗೋದವರ್ಮನ್ ತಿರುಮುಲ್ಪಾಡ್ ಸುಪ್ರೀಂ ಕೋರ್ಟಿಗೆ ಹೋದರು. ಅದರ ಫಲವಾಗಿ 1996ರ ಡಿಸೆಂಬರ್ 12ರಂದು, ಒಡೆತನ ಯಾರದೇ ಇರಲಿ ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ ಅರಣ್ಯವೇ ಎಂಬ ಆದೇಶ ಬಂತು. ಇಡೀ ದೇಶದ ಕಾಡಿನ ನಕ್ಷೆಯನ್ನು ಬದಲಿಸಿದ ಆದೇಶದ ಹುಟ್ಟು ಈ ಪುಟ್ಟ ಸೀಮೆಯಲ್ಲಿದೆ. ಕಾಡಿಗೆ ಅದರಿಂದ ಉಪಕಾರವಾಯಿತು, ನಿಜ. ಗೂಡಲೂರಿನ ಪಟ್ಟಾ ಪ್ರಶ್ನೆಗೆ ಇನ್ನೊಂದು ಬೀಗ ಬಿತ್ತು.

ಆದಿವಾಸಿಗಳು ಕೈಕಟ್ಟಿ ಕುಳಿತಿರಲಿಲ್ಲ. 1988ರ ಡಿಸೆಂಬರ್ 5ರಂದು ಆದಿವಾಸಿ ಮುನ್ನೇಟ್ರ ಸಂಗಮದ ನೇತೃತ್ವದಲ್ಲಿ ಸುಮಾರು 10,000 ಜನ ಗೂಡಲೂರಿನ ಬೀದಿಯಲ್ಲಿ ಮೆರವಣಿಗೆ ನಡೆಸಿದರು. ತಮ್ಮ ಹಾಡಿಗಳ ಸುತ್ತಲಿನ ನೆಲದಲ್ಲಿ ಚಹಾ ಗಿಡ ನೆಟ್ಟರು. ಇಲ್ಲಿ ಗಿಡ ನೆಟ್ಟವನಿಗಷ್ಟೇ ಸ್ವಾಧೀನದ ಸಾಕ್ಷಿ ಎಂಬುದನ್ನು ಅವರು ವಲಸಿಗರಿಂದ ಕಲಿತಿದ್ದರು. 1990ರ ದಶಕದ ಕೊನೆಯಲ್ಲಿ ಸಮುದಾಯದ ಪರವಾಗಿ ಒಂದು ಚಹಾ ತೋಟವನ್ನೇ ಕೊಂಡುಕೊಂಡರು. ಈ ನೆಲದ ಮೊದಲಿಗರು ಇದೇ ನೆಲವನ್ನು ಹಣ ಕೊಟ್ಟು ಕೊಳ್ಳಬೇಕಾಯಿತು.

2006ರ ಅರಣ್ಯ ಹಕ್ಕು ಕಾನೂನು ಮೊದಲ ಬಾರಿಗೆ ಬಾಗಿಲು ತೆರೆಯಿತು. ಆದರೆ ತಮಿಳುನಾಡಿನಲ್ಲಿ 2008ರ ಹೈಕೋರ್ಟಿನ ಮಧ್ಯಂತರ ಆದೇಶದಿಂದ ಹಕ್ಕುಪತ್ರ ವಿತರಣೆ ನಿಂತುಹೋಗಿ, 2016ರಲ್ಲಷ್ಟೇ ತಡೆ ತೆರವಾಯಿತು. ಈ ಕಾನೂನು ಜನರನ್ನು ಎರಡು ವರ್ಗ ಮಾಡುತ್ತದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಸ್ವಾಧೀನದಲ್ಲಿದ್ದರೆ ಸಾಕು, ನಾಲ್ಕು ಹೆಕ್ಟೇರಿನವರೆಗೆ ಹಕ್ಕು. ಉಳಿದವರು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದರೆಂದು ತೋರಿಸಬೇಕು. 1964ರ ನಂತರ ಬಂದ ತೋಟ ಕಾರ್ಮಿಕರಿಗೆ ಇದು ಅಸಾಧ್ಯ. ಅವರು ಬಂದದ್ದು ತಡವಾಗಿ ಎಂಬುದು ಸರಿ. ಆ ದಿನಾಂಕವನ್ನು ಗೊತ್ತುಮಾಡಿದವರು ಇಬ್ಬರು ಪ್ರಧಾನಿಗಳು.

ಇನ್ನು ಬೊಕ್ಕಸದ ಮಾತು. ಟ್ಯಾಂಟೀ ವರ್ಷಗಳ ಕಾಲ ನಷ್ಟದಲ್ಲಿತ್ತು, ಸರ್ಕಾರ ಹಣ ಕೊಟ್ಟು ಅದನ್ನು ಬದುಕಿಸಿತು ಎಂಬ ಟೀಕೆಯಲ್ಲಿ ಸುಳ್ಳಿಲ್ಲ. ಆದರೆ ಲಾಭಕ್ಕೆಂದು ಕಟ್ಟದ ಸಂಸ್ಥೆಯನ್ನು ಲಾಭದ ತಕ್ಕಡಿಯಲ್ಲಷ್ಟೇ ತೂಗುವುದು ಸರಿಯೆನಿಸದು. ಅದು ಅಂತರರಾಷ್ಟ್ರೀಯ ಮಾತೊಂದನ್ನು ಉಳಿಸಿಕೊಳ್ಳುವ ವೆಚ್ಚ. 2022ರಲ್ಲಿ ರಾಜ್ಯ ಸರ್ಕಾರ ನಿಗಮದ 2,000 ಹೆಕ್ಟೇರಿಗೂ ಮಿಕ್ಕಿದ ಭೂಮಿಯನ್ನು ಅರಣ್ಯ ಇಲಾಖೆಗೆ ಹಿಂದಿರುಗಿಸಲು ನಿರ್ಧರಿಸಿದಾಗ ಕಾರ್ಮಿಕರು ಬೀದಿಗಿಳಿದರು. ಆನೆಗಳ ದಾರಿ ಉಳಿಯುವುದು ಒಳ್ಳೆಯದೇ. ಲೈನ್ ಮನೆಯವರು ಹೋಗುವುದೆಲ್ಲಿಗೆ ಎಂಬ ಪ್ರಶ್ನೆಯೂ ಅಷ್ಟೇ ನಿಜ. ಮುದುಮಲೆಯ ಒಳಗಿನ ಹಳ್ಳಿಗಳಿಂದ ಚೆಟ್ಟಿಗಳನ್ನೂ ಆದಿವಾಸಿಗಳನ್ನೂ ಕುಟುಂಬಕ್ಕೆ 10 ಲಕ್ಷ ರೂಪಾಯಿಯ ಯೋಜನೆಯಲ್ಲಿ ಹೊರಗೆ ತಂದಾಗಲೂ ಖರ್ಚಾದದ್ದು ಸಾರ್ವಜನಿಕ ಹಣವೇ. ಜಮೀನಿನ ಕಾಗದವಿದ್ದ ರೈತನಿಗೂ ಕಾಗದವಿಲ್ಲದ ಪಣಿಯನಿಗೂ ಆ ಹಣ ಒಂದೇ ಬಗೆಯ ಬಾಳನ್ನು ಕೊಡಲಿಲ್ಲ.

ನೀವು ಎಂದು ಬಂದವರು ಎಂಬ ಪ್ರಶ್ನೆಯನ್ನು ಗಡಿನಾಡಿನ ಕನ್ನಡಿಗರಾದ ನಾವೂ ಆಗಾಗ ಕೇಳಿಸಿಕೊಂಡವರು. ಗೂಡಲೂರಿನಲ್ಲಿ ಈ ಪ್ರಶ್ನೆಯನ್ನು ಎಲ್ಲರೂ ಎಲ್ಲರಿಗೂ ಕೇಳುತ್ತಿದ್ದಾರೆ; ಪಟ್ಟಾ ಕೊಡಬೇಕಾದ ಸರ್ಕಾರವನ್ನು ಯಾರೂ ಅಷ್ಟು ಗಟ್ಟಿಯಾಗಿ ಕೇಳುತ್ತಿಲ್ಲ.

ಈಗ ಉಳಿದಿರುವ ದಾರಿಯಲ್ಲಿ ಮೌಂಡಾಡನ್ ಚೆಟ್ಟಿಗಳಂಥವರಿಗೂ ಅವಕಾಶವಿದೆ. ಅವರು ಪರಿಶಿಷ್ಟ ಪಂಗಡದವರಲ್ಲವಾದ್ದರಿಂದ 75 ವರ್ಷದ ವಾಸವನ್ನು ತೋರಿಸಬೇಕು. ಅರಣ್ಯ ಹಕ್ಕು ನಿಯಮಗಳ ಪ್ರಕಾರ ಇದಕ್ಕೆ ಪಟ್ಟಾ ಒಂದೇ ಸಾಕ್ಷಿಯಲ್ಲ. ಹಳೆಯ ಗೆಜೆಟಿಯರ್, ಜನಗಣತಿ, ನಕ್ಷೆ, ಮತದಾರರ ಪಟ್ಟಿ ನಡೆಯುತ್ತವೆ; ಹಳೆಯ ಬಾವಿ, ಗದ್ದೆಯ ಬದು, ಸಮಾಧಿ, ದೈವದ ಬನ ನಡೆಯುತ್ತವೆ; ಹಕ್ಕು ಕೇಳುವವರಲ್ಲದ ಹಿರಿಯರೊಬ್ಬರು ಹೇಳಿದ್ದನ್ನು ಬರೆದಿಟ್ಟರೆ ಅದೂ ನಡೆಯುತ್ತದೆ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಬೇಕು. ಅರ್ಜಿ ಮೊದಲು ಸಲ್ಲಬೇಕಾದದ್ದು ಗ್ರಾಮಸಭೆಗೆ. ಹೇಳಬಲ್ಲ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದರಿಂದ ಅವರ ಮಾತನ್ನು ಬರೆಸಿಕೊಳ್ಳುವ ಕೆಲಸ ಮೊದಲು ಆಗಬೇಕಿದೆ.