ರಿಪೇರಿ ಕೋಣೆಗೆ ಹಲಗೆ ನೆಲ: ನಿಲ್ಲುವಷ್ಟು ಜಾಗಕ್ಕೆ ಸಾಕು

ಉಳಿ, ಬಾಚಿ ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದರೆ ಬಾಯಿ ಮುಕ್ಕಾಗುತ್ತೆ. ಕೂರಿಗೆ, ಕುಂಟೆ ರಿಪೇರಿಗೆ ಅರ್ಧ ದಿನ ಗಟ್ಟಿ ನೆಲದ ಮೇಲೆ ನಿಂತರೆ ಐವತ್ತು ದಾಟಿದ ನಮ್ಮಂಥವರ ಮಂಡಿ ಹಿಡಿಯುತ್ತೆ. ಎರಡಕ್ಕೂ ಮರದ ಹಲಗೆ ಒಳ್ಳೇದು. ಮಳೆ ನಂಬಿದ ನಮಗೆ ಇದು ದುಬಾರಿ ಅನ್ನೋರು ಒಮ್ಮೆ ಲೆಕ್ಕ ಹಾಕಿ ನೋಡಿ.

10 ಅಡಿಗೆ 10 ಅಡಿ ಕೋಣೆಗೆಲ್ಲ 1 ಇಂಚಿನ ಹಲಗೆ ಹಾಸಿದರೆ, ಕೆಳಗಿನ ರೀಪರ್ ಸೇರಿ ಸುಮಾರು 12 ಘನ ಅಡಿ ಮರ ಬೇಕು. ಆದರೆ ನಾವು ನಿಲ್ಲೋದು ಮೇಜಿನ ಮುಂದೆ ಮಾತ್ರ. ಅಲ್ಲಿಗೆ 6 ಅಡಿ ಉದ್ದ, 4 ಅಡಿ ಅಗಲ ಸಾಕು. ಅದಕ್ಕೆ 3 ಘನ ಅಡಿ, ಅಂದರೆ ಕಾಲು ಭಾಗದ ಖರ್ಚು. ನನ್ನ ಕೋಣೆಯಲ್ಲೂ ಇರೋದು ಇಷ್ಟೇ.

ಯಾವ ಮರ? ಎಲ್ಲಕ್ಕಿಂತ ಅಗ್ಗ, ಕಾರ್ಖಾನೆಗೆ ಸಾಮಾನು ಬರುವ ಹಳೇ ಪ್ಯಾಲೆಟ್ ಹಲಗೆ. ಹೊರದೇಶದ್ದಾದರೆ ಮುದ್ರೆ ಇರುತ್ತೆ. ‘ಎಚ್‌ಟಿ’ ಅಂದರೆ ಬಿಸಿ ಕೊಟ್ಟದ್ದು, ತರಬಹುದು. ‘ಎಂಬಿ’ ಅಂದರೆ ವಿಷದ ಹೊಗೆ ಹಾಕಿದ್ದು, ಬೇಡ. ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇದ್ದರೂ ಬಿಡಿ. ಸ್ವಂತ ಮರವಾದರೆ ಬೇವು, ಕರಿಜಾಲಿ ಗಟ್ಟಿ. ಮಾವಿಗೆ ಕುಟ್ಟೆ ಬೇಗ ಹಿಡಿಯುತ್ತೆ, ನೀಲಗಿರಿ ಸೀಳಿ ಸೊಟ್ಟಾಗುತ್ತೆ. ಕಡಿಯುವ ಮುಂಚೆ ಅನುಮತಿ ಬೇಕೇ ಅಂತ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ.

ಹಸಿ ಹಲಗೆ ಹೊಡೆಯಬೇಡಿ. ನಡುವೆ ಕಡ್ಡಿಪಟ್ಟಿ ಇಟ್ಟು ನೆರಳಲ್ಲಿ ಪೇರಿಸಿ. 1 ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ರೂಢಿಯ ಲೆಕ್ಕ. ಒಣಹವೆಯಲ್ಲಿ ಬೇಗನೂ ಆದೀತು.

ಕಟ್ಟೋದು ಹೀಗೆ: 3 ಅಡಿಗೆ 4 ಅಡಿಯ ಎರಡು ತುಂಡು ಮಾಡಿ. ಒಂದೊಂದಕ್ಕೆ 3x2 ಇಂಚಿನ ಮೂರು ರೀಪರ್ ಮಲಗಿಸಿ, ಮೇಲೆ ಹಲಗೆಗೆ ಸ್ಕ್ರೂ ಹಾಕಿ. ಮಳೆಗಾಲದಲ್ಲಿ ಮರ ಉಬ್ಬುತ್ತೆ, ಹಲಗೆ ನಡುವೆ ನಾಣ್ಯದ ದಪ್ಪ ಸಂದು ಬಿಡಿ. ಮಣ್ಣಿನ ನೆಲವಾದರೆ ರೀಪರ್ ಕೆಳಗೆ ಚಪ್ಪಡಿ ಕಲ್ಲು ಇಡಿ. ನಿಂತಾಗ ಮೇಜು 3 ಇಂಚು ತಗ್ಗಿದಂತಾಗುತ್ತೆ, ಅದರ ಕಾಲು ಅಷ್ಟು ಏರಿಸಿ.

ನೆಲಕ್ಕೆ ಭದ್ರವಾಗಿ ಹೊಡೆಯಬೇಡಿ. ತಿಂಗಳಿಗೊಮ್ಮೆ ಎತ್ತಿ ಗೋಡೆಗೆ ಒರಗಿಸಿದರೆ ಗೆದ್ದಲಿನ ಮಣ್ಣು ಕಂಡಾಗಲೇ ಗುಡಿಸಬಹುದು. ಬಿದ್ದ ಮೊಳೆ, ನಟ್ಟೂ ಸಿಗುತ್ತೆ.

ಮೇಲೆ ಅಗಸೆ ಎಣ್ಣೆ ತೆಳ್ಳಗೆ ಒರೆಸಿ. ಒರೆಸಿದ ಬಟ್ಟೆ ಮುದ್ದೆ ಮಾಡಿ ಬಿಸಾಡಬೇಡಿ, ತಾನೇ ಕಾದು ಹೊತ್ತಿಕೊಳ್ಳುತ್ತೆ. ಬಯಲಲ್ಲಿ ಹರವಿ ಒಣಗಿಸಿ. ಸಾಣೆ, ವೆಲ್ಡಿಂಗ್ ಕಿಡಿ ಹಾರುವ ಜಾಗ ಮಾತ್ರ ಸಿಮೆಂಟಾಗಿಯೇ ಇರಲಿ.