ಬೆಕ್ಕಿಗೂ ಸಕ್ಕರೆ ಕಾಯಿಲೆ: ಗಾಬರಿ ಬೇಡ, ಎಚ್ಚರ ಇರಲಿ

ಸಕ್ಕರೆ ಕಾಯಿಲೆ ನಮ್ಮ ಮನೆಗಳಿಗೆ ಹೊಸತಲ್ಲ. ಅಬ್ಬಾನ ಮಾತ್ರೆ, ದಾದಿಯ ಇನ್ಸುಲಿನ್, ಕಪಾಟಿನಲ್ಲಿ ಶುಗರ್ ನೋಡುವ ಯಂತ್ರ, ಇವೆಲ್ಲ ಇಂದು ಎಷ್ಟೋ ಮನೆಗಳಲ್ಲಿವೆ. ಆದರೆ ಮನೆಯ ಬೆಕ್ಕಿಗೂ ಅದೇ ಕಾಯಿಲೆ ಬಂದಿದೆ ಎಂದರೆ ಹೆಚ್ಚಿನವರು ನಗುತ್ತಾರೆ. "ಬೆಕ್ಕಿಗೆ ಶುಗರಾ?" ಎಂಬ ಆ ನಗುವಿಗೆ ಅಂಜಿ ಮನೆಯಾಕೆ ಬಾಯಿ ಮುಚ್ಚಿಕೊಳ್ಳುತ್ತಾಳೆ. ಬೆಕ್ಕು ಸೊರಗುತ್ತಾ ಹೋಗುತ್ತದೆ. ಒಂದು ದಿನ ಒಲೆಯ ಬದಿಯಲ್ಲಿ ಎದ್ದೇಳಲಾರದೆ ಬಿದ್ದಿರುತ್ತದೆ.

ಇದು ನಗುವ ವಿಷಯವಲ್ಲ. ಬೆಕ್ಕಿನ ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡಬಹುದು. ಬೇಗ ಗುರುತಿಸಿ ಚಿಕಿತ್ಸೆ ಕೊಟ್ಟರೆ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ ಬೇಕಾಗದಿರುವುದೂ ಉಂಟು. ಆದರೆ ಚಿಕಿತ್ಸೆ ನಡೆಯುತ್ತಿರುವಾಗಲೇ ಹಠಾತ್ತನೆ ಕೆಲವು ತೊಂದರೆಗಳು ಎದುರಾಗುತ್ತವೆ. ಅವುಗಳನ್ನು ಮೊದಲೇ ತಿಳಿದಿರುವ ಮನೆಯಲ್ಲಿ ಬೆಕ್ಕು ಉಳಿಯುತ್ತದೆ.

ಮನೆಯೊಳಗೆ ಓಡಾಡುವ ಜೀವ

ಇಸ್ಲಾಮಿನಲ್ಲಿ ಬೆಕ್ಕಿಗೆ ಒಂದು ವಿಶೇಷ ಸ್ಥಾನವಿದೆ. ವುಝೂವಿಗೆಂದು ಇಟ್ಟ ನೀರನ್ನು ಕುಡಿಯಲು ಬಂದ ಬೆಕ್ಕಿಗೆ ಅಬೂ ಕತಾದ(ರ)ರು ಪಾತ್ರೆಯನ್ನೇ ವಾಲಿಸಿಕೊಟ್ಟರು. ಕಬ್ಶಾ ಬಿಂತ್ ಕಅಬ್ ಅದನ್ನು ಅಚ್ಚರಿಯಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಮ್ಮ ನಡುವೆ ಓಡಾಡಿಕೊಂಡಿರುವ ಜೀವ ಎಂದು ಪ್ರವಾದಿ(ಸ)ರು ಹೇಳಿರುವುದನ್ನು ಅವರು ತಿಳಿಸಿದರು. ಅಬೂ ದಾವೂದ್ ಮತ್ತು ತಿರ್ಮಿದಿಯಲ್ಲಿ ಈ ಹದೀಸ್ ಇದೆ. ಬೆಕ್ಕನ್ನು ಕಟ್ಟಿಹಾಕಿ ಅನ್ನವನ್ನೂ ಕೊಡದೆ, ತಾನೇ ಆಹಾರ ಹುಡುಕಿಕೊಳ್ಳಲೂ ಬಿಡದೆ ಸಾಯಿಸಿದ ಮಹಿಳೆ ಶಿಕ್ಷೆಗೆ ಗುರಿಯಾದ ವಿಷಯ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ನಾವು ಸಾಕಿದ ಜೀವ ನಮ್ಮ ಕೈಯಲ್ಲಿರುವ ಅಮಾನತ್ತು. ಅದರ ನೋವಿಗೆ ಬಾಯಿಲ್ಲ, ನಾವೇ ಕಣ್ಣಾಗಬೇಕು.

ಗುರುತಿಸುವುದು ಹೇಗೆ?

ಮಧ್ಯವಯಸ್ಸು ದಾಟಿದ, ಮೈ ಬೆಳೆಸಿಕೊಂಡು ಮನೆಯೊಳಗೇ ಮಲಗಿರುವ ಬೆಕ್ಕುಗಳಲ್ಲಿ, ಅದರಲ್ಲೂ ಸಂತಾನಶಕ್ತಿ ಹರಣ ಮಾಡಿಸಿದ ಗಂಡು ಬೆಕ್ಕುಗಳಲ್ಲಿ ಈ ಕಾಯಿಲೆ ಹೆಚ್ಚು. ತುರಿಕೆಗೋ ಉಬ್ಬಸಕ್ಕೋ ಸ್ಟೀರಾಯ್ಡ್ ಔಷಧಿ ಪಡೆದ ಬೆಕ್ಕಿಗೂ ಬರಬಹುದು.

ಲಕ್ಷಣಗಳು ಮನುಷ್ಯರಲ್ಲಿ ಇರುವಂತೆಯೇ. ಪದೇ ಪದೇ ನೀರು ಕುಡಿಯುವುದು, ರಾಶಿ ಮೂತ್ರ ಮಾಡುವುದು, ಚೆನ್ನಾಗಿ ತಿಂದರೂ ಇಳಿದುಹೋಗುವುದು. ಕೆಲವು ಬೆಕ್ಕುಗಳು ಹಿಂಗಾಲಿನ ಬೆರಳುಗಳ ಮೇಲೆ ನಡೆಯುವ ಬದಲು ಇಡೀ ಪಾದವನ್ನು ನೆಲಕ್ಕೆ ಊರಿ ನಡೆಯತೊಡಗುತ್ತವೆ. ಮೂಳೆ ಮುರಿದಿದೆ ಎಂದುಕೊಂಡು ಎಣ್ಣೆ ಉಜ್ಜುವವರಿದ್ದಾರೆ. ಅದು ಸಕ್ಕರೆಯಿಂದ ನರಗಳಿಗೆ ಆದ ಹಾನಿ. ಸಕ್ಕರೆ ಹತೋಟಿಗೆ ಬಂದರೆ ನಿಧಾನವಾಗಿ ಸುಧಾರಿಸಬಹುದು.

ಇಲ್ಲಿ ಒಂದು ಮಾತು. ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ತಾನಾಗಿಯೇ ಏರುತ್ತದೆ. ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ತಂದ ಬೆಕ್ಕಿನ ರಕ್ತವನ್ನು ಒಂದೇ ಸಲ ನೋಡಿ ತೀರ್ಮಾನಿಸುವುದು ಕಷ್ಟ. ಆದ್ದರಿಂದ ವೈದ್ಯರು ಮೂತ್ರದ ಪರೀಕ್ಷೆಯನ್ನೂ, ಸಾಧ್ಯವಾದರೆ ಹಿಂದಿನ ಕೆಲವು ವಾರಗಳ ಸರಾಸರಿ ತಿಳಿಸುವ ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ಮಾಡಿಸುತ್ತಾರೆ.

ಮೊದಲ ಗಂಡಾಂತರ: ಸಕ್ಕರೆ ಇಳಿದುಹೋಗುವುದು

ಸಕ್ಕರೆ ಏರಿದರೆ ಬೆಕ್ಕು ದಿನಗಟ್ಟಲೆ ತಡೆದೀತು. ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ಇಳಿದರೆ ಗಂಟೆಗಳಲ್ಲೇ ಪ್ರಾಣ ಹೋಗಬಹುದು. ಬೆಕ್ಕು ಮಂಕಾಗುತ್ತದೆ, ತೂರಾಡುತ್ತದೆ, ನಡುಗುತ್ತದೆ, ಕೊನೆಗೆ ಫಿಟ್ಸ್ ಬಂದು ಪ್ರಜ್ಞೆ ತಪ್ಪುತ್ತದೆ.

ಆಗ ಮಾಡಬೇಕಾದದ್ದು ಇಷ್ಟು. ಎಚ್ಚರವಿದ್ದು ತಿನ್ನುವಂತಿದ್ದರೆ ಕೂಡಲೇ ಆಹಾರ ಕೊಡಿ. ತಿನ್ನದಿದ್ದರೆ ಜೇನುತುಪ್ಪ ಅಥವಾ ಗಟ್ಟಿ ಸಕ್ಕರೆ ನೀರನ್ನು ಬೆರಳಿನಿಂದ ವಸಡಿಗೆ ಸವರಿ. ಪ್ರಜ್ಞೆಯಿಲ್ಲದ ಬೆಕ್ಕಿನ ಬಾಯಿಗೆ ನೀರನ್ನಾಗಲಿ ಹಾಲನ್ನಾಗಲಿ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಫಿಟ್ಸ್ ಬಂದಿರುವಾಗ ಬಾಯಿಯೊಳಗೆ ಬೆರಳು ಹಾಕಬೇಡಿ. ಬೆಕ್ಕು ಎದ್ದು ಕುಳಿತರೂ ವೈದ್ಯರಿಗೆ ತೋರಿಸಲೇಬೇಕು. ಮೈಯಲ್ಲಿ ಉಳಿದ ಇನ್ಸುಲಿನ್ ಮತ್ತೆ ಸಕ್ಕರೆಯನ್ನು ಇಳಿಸಬಹುದು.

ಈ ಅಪಾಯಕ್ಕೆ ಕಾರಣ ಬಹಳ ಸಲ ಮನೆಯಲ್ಲೇ ಇರುತ್ತದೆ.

ಒಂದು, ಸಿರಿಂಜು. ನಮ್ಮಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಬಲದಲ್ಲಿ ಸಿಗುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್. 40ರ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಬೆಕ್ಕುಗಳಿಗೆ ವೈದ್ಯರು ಹೆಚ್ಚಾಗಿ ಬರೆದುಕೊಡುವ ಗ್ಲಾರ್ಜಿನ್ ಇನ್ಸುಲಿನ್ 100ರದ್ದು. ಅದನ್ನು ದಾದಿಯ 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಔಷಧಿ ಮೈಗೆ ಸೇರುತ್ತದೆ. ಬಾಟಲಿಯ ಮೇಲಿನ ಸಂಖ್ಯೆ ಮತ್ತು ಸಿರಿಂಜಿನ ಸಂಖ್ಯೆ ಒಂದೇ ಇರಬೇಕು.

ಎರಡು, ಇಬ್ಬರ ಕೈ. ಮಗಳು ಕಾಲೇಜಿಗೆ ಹೊರಡುವ ಮುನ್ನ ಚುಚ್ಚಿ ಹೋಗಿರುತ್ತಾಳೆ. ಅದು ತಿಳಿಯದೆ ತಾಯಿ ಮತ್ತೊಮ್ಮೆ ಚುಚ್ಚುತ್ತಾಳೆ. ಕೊಟ್ಟಾಯಿತೋ ಇಲ್ಲವೋ ಎಂಬ ಸಂಶಯ ಬಂದರೆ ಮತ್ತೆ ಕೊಡಬೇಡಿ. ಒಂದು ಹೊತ್ತು ತಪ್ಪಿದರೆ ಸಾಮಾನ್ಯವಾಗಿ ಸಾಯುವುದಿಲ್ಲ, ಎರಡು ಸಲ ಕೊಟ್ಟರೆ ಸಾಯಬಹುದು.

ಮೂರು, ಆಹಾರದ ಬದಲಾವಣೆ. ನಮ್ಮ ಕಡೆ ಬೆಕ್ಕಿಗೆ ಹಾಲು ಅನ್ನ ಹಾಕುವುದೇ ರೂಢಿ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ಅದು ಒಳ್ಳೆಯದಲ್ಲ, ಬೆಕ್ಕು ಮಾಂಸ ತಿನ್ನುವ ಪ್ರಾಣಿ. ಉಪ್ಪು ಮಸಾಲೆ ಹಾಕದೆ ಬೇಯಿಸಿದ ಕೋಳಿ, ಮೀನು ಒಳ್ಳೆಯದು. ಆದರೆ ಬರೀ ಅಷ್ಟರಿಂದ ಅದಕ್ಕೆ ಬೇಕಾದದ್ದೆಲ್ಲ ಸಿಗುವುದಿಲ್ಲ, ಉಳಿದದ್ದನ್ನು ವೈದ್ಯರಲ್ಲಿ ಕೇಳಿ. ಅನ್ನ ಬಿಡಿಸಿ ಮಾಂಸಕ್ಕೆ ತಂದಾಗ ಸಕ್ಕರೆ ತಾನಾಗಿಯೇ ಇಳಿಯುತ್ತದೆ. ಹಳೆಯ ಅಳತೆಯ ಇನ್ಸುಲಿನ್ ಆಗ ಹೆಚ್ಚಾಗುತ್ತದೆ. ಆದ್ದರಿಂದ ವೈದ್ಯರಿಗೆ ತಿಳಿಸದೆ ಆಹಾರ ಬದಲಿಸಬೇಡಿ. ಬಿರಿಯಾನಿಯ ಚೂರುಗಳನ್ನಂತೂ ಹಾಕಲೇಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ನಾಶ ಮಾಡುತ್ತವೆ.

ಎರಡನೆಯದು: ಊಟ ಬಿಟ್ಟು ವಾಂತಿ ಮಾಡುವುದು

ಊಟ ಬಿಟ್ಟು, ವಾಂತಿ ಮಾಡಿಕೊಂಡು, ವೇಗವಾಗಿ ಉಸಿರಾಡುತ್ತಾ ಮೂಲೆ ಸೇರಿದ ಬೆಕ್ಕಿನ ಬಾಯಿಯಿಂದ ಹಣ್ಣಿನ ಅಥವಾ ಉಗುರುಬಣ್ಣ ತೆಗೆಯುವ ದ್ರವದ ವಾಸನೆ ಬಂದರೆ ತಡ ಮಾಡಬೇಡಿ. ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನೇ ಕರಗಿಸುತ್ತಿದೆ, ಕೀಟೋನ್ ಎಂಬ ಆಮ್ಲೀಯ ವಸ್ತುಗಳು ರಕ್ತದಲ್ಲಿ ತುಂಬುತ್ತಿವೆ ಎಂದರ್ಥ. ಇದಕ್ಕೆ ಮನೆಮದ್ದಿಲ್ಲ. ಡ್ರಿಪ್ ಹಾಕಿ, ರಕ್ತದ ಪೊಟ್ಯಾಸಿಯಂ ನೋಡಿಕೊಂಡು ಆಸ್ಪತ್ರೆಯಲ್ಲೇ ಚಿಕಿತ್ಸೆ ಆಗಬೇಕು. ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿಗಳು ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತವೆ. ಒಂದು ಡಬ್ಬಿ ಮನೆಯಲ್ಲಿರಲಿ.

ವಾಸನೆ ಇಲ್ಲದೆಯೂ ಊಟ ಬಿಟ್ಟಿದ್ದರೆ ಹಲ್ಲಿನ ಸೋಂಕು, ಮೂತ್ರದ ಸೋಂಕು ಅಥವಾ ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು. ದಪ್ಪ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಕೊಬ್ಬು ತುಂಬಿ ಯಕೃತ್ತೇ ಕೆಡುತ್ತದೆ. "ಹಸಿವಾದರೆ ತಾನೇ ತಿನ್ನುತ್ತೆ" ಎಂಬ ಮಾತು ಬೆಕ್ಕಿಗೆ ಅನ್ವಯಿಸುವುದಿಲ್ಲ. ಊಟ ಮಾಡದ ದಿನ ಇನ್ಸುಲಿನ್ ಎಷ್ಟು ಕೊಡಬೇಕು ಎಂಬುದನ್ನು ಚಿಕಿತ್ಸೆಯ ಮೊದಲ ದಿನವೇ ವೈದ್ಯರಿಂದ ಬರೆಸಿಕೊಳ್ಳಿ.

ಗಂಡು ಬೆಕ್ಕು ಮತ್ತೆ ಮತ್ತೆ ಕುಕ್ಕರಿಸಿ ಮುಕ್ಕಿದರೂ ಮೂತ್ರ ಬಾರದಿದ್ದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಅದು ಮರುದಿನಕ್ಕೆ ಕಾಯುವ ತೊಂದರೆಯಲ್ಲ.

ನಮ್ಮ ಔಷಧಿ ಬೆಕ್ಕಿಗಲ್ಲ

ಬೆಕ್ಕಿನ ಮೈ ಬಿಸಿಯಾಯಿತೆಂದು ಪ್ಯಾರಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಅಬ್ಬಾನ ಶುಗರ್ ಮಾತ್ರೆಯಲ್ಲಿ ಕಾಲು ಭಾಗ ಕೊಡುವ ಯೋಚನೆಯೂ ಬೇಡ. 2022ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಎಂಬ ಮಾತ್ರೆಗೆ ಬೆಕ್ಕುಗಳಿಗೆಂದೇ ಅನುಮತಿ ಸಿಕ್ಕಿತು. ಆದರೆ ಅದು ಎಲ್ಲ ಬೆಕ್ಕಿಗೂ ಅಲ್ಲ. ಈಗಾಗಲೇ ಇನ್ಸುಲಿನ್ ಪಡೆಯುತ್ತಿರುವ ಬೆಕ್ಕಿಗೆ ಅದನ್ನು ಕೊಡುವಂತಿಲ್ಲ. ಮೇಲೆ ಹೇಳಿದ ಕೀಟೋನ್ ಅಪಾಯ ಅದರಲ್ಲಿದೆ. ಅದೇ ಗುಂಪಿನ, ಮನುಷ್ಯರಿಗೆ ಕೊಡುವ ಮಾತ್ರೆಗಳನ್ನು ನೋಡಿ ಯಾರೂ ಪ್ರಯೋಗ ಮಾಡಬಾರದು.

ಇನ್ಸುಲಿನ್ ಹಂದಿಯಿಂದ ಬರುತ್ತದೆಯೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುತ್ತದೆ. ಪ್ರಾಣಿಗಳಿಗೆಂದು ಮಾರುವ ಒಂದು ಬಗೆಯ ಇನ್ಸುಲಿನ್ ಹಂದಿಯ ಗ್ರಂಥಿಯಿಂದ ತಯಾರಾಗುವುದು ನಿಜ. ಗ್ಲಾರ್ಜಿನ್ ಹಾಗಲ್ಲ. ಅದನ್ನು ಬ್ಯಾಕ್ಟೀರಿಯಾಗಳ ಮೂಲಕ ತಯಾರಿಸುತ್ತಾರೆ. ಸಂಕೋಚವಿಲ್ಲದೆ ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಿ.

ರಮಝಾನಿನಲ್ಲಿ

ಇನ್ಸುಲಿನನ್ನು ಸಾಮಾನ್ಯವಾಗಿ 12 ಗಂಟೆಗೊಮ್ಮೆ, ಊಟದ ಜೊತೆಗೆ ಕೊಡುತ್ತಾರೆ. ರಮಝಾನಿನಲ್ಲಿ ಮನೆಯ ಊಟವೆಲ್ಲ ಸಹರಿ ಮತ್ತು ಇಫ್ತಾರಿಗೆ ಸರಿಯುತ್ತದೆ. ಬೆಕ್ಕಿನ ಇನ್ಸುಲಿನನ್ನೂ ಅದಕ್ಕೇ ಹೊಂದಿಸಿದರೆ ಹಗಲಿನ ಅಂತರ 13 ಗಂಟೆ ದಾಟುತ್ತದೆ, ರಾತ್ರಿಯದು ಅಷ್ಟೇ ಕಡಿಮೆಯಾಗುತ್ತದೆ. ಬೆಕ್ಕಿಗೆ ಗಡಿಯಾರದ ಹೊತ್ತೇ ಇರಲಿ. ಬೆಳಿಗ್ಗೆ 6 ಗಂಟೆ, ಸಂಜೆ 6 ಗಂಟೆ ಎಂದಿಟ್ಟುಕೊಂಡರೆ ಬೆಳಗಿನದು ಫಜ್ರ್ ನಮಾಝಿನ ನಂತರ, ಸಂಜೆಯದು ಇಫ್ತಾರಿನ ತಟ್ಟೆ ಜೋಡಿಸುವ ಮೊದಲು ಮುಗಿಯುತ್ತದೆ.

ಊರಿನಲ್ಲಿ ಯಾರನ್ನು ಕೇಳುವುದು?

ನಮ್ಮದು ಹಾಲಿನ ಜಿಲ್ಲೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸರಕಾರಿ ಪಶು ಆಸ್ಪತ್ರೆಗಳಿಗೆ ಬರುವವರು ಹೆಚ್ಚಾಗಿ ಹಸು, ಎಮ್ಮೆ, ಕುರಿಗಳ ಯಜಮಾನರು. ಅವರ ನಡುವೆ ಬುಟ್ಟಿಯಲ್ಲಿ ಬೆಕ್ಕು ಹಿಡಿದು ನಿಲ್ಲಲು ನಮ್ಮ ಹೆಣ್ಣುಮಕ್ಕಳಿಗೆ ಸಂಕೋಚವಾಗುತ್ತದೆ. ಸಂಕೋಚ ಬೇಡ. ಮೊದಲ ಪರೀಕ್ಷೆ, ಡ್ರಿಪ್, ಸಲಹೆಗೆ ಅಲ್ಲಿಗೇ ಹೋಗಿ. ಹೆಚ್ಚಿನ ಪರೀಕ್ಷೆಗೆ ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಅದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಮೂರೂ ಊರುಗಳಿಂದ ಹಾಸನಕ್ಕೆ ಸುಮಾರು 30ರಿಂದ 40 ಕಿ.ಮೀ. ದಾರಿ. ಅಷ್ಟು ದೂರವನ್ನು ನಡುರಾತ್ರಿ ಯೋಚಿಸುವ ಬದಲು ಈಗಲೇ ಯೋಚಿಸಿ. ವೈದ್ಯರ ಫೋನ್ ನಂಬರು, ರಾತ್ರಿ ಬರುವ ಆಟೋದವರ ನಂಬರು, ಬೆಕ್ಕನ್ನು ಒಯ್ಯುವ ಬುಟ್ಟಿ ಸಿದ್ಧವಿರಲಿ.

ಆಸ್ಪತ್ರೆಗೆ ಬೆಕ್ಕನ್ನು ಒಯ್ಯುವವನು ಸಾಮಾನ್ಯವಾಗಿ ಮನೆಯ ಹುಡುಗ. ಬೆಕ್ಕು ಎಷ್ಟು ತಿಂದಿತು, ಯಾವಾಗ ವಾಂತಿ ಮಾಡಿತು ಎಂದು ವೈದ್ಯರು ಕೇಳಿದರೆ ಅವನಿಗೆ ಗೊತ್ತಿರುವುದಿಲ್ಲ. ಗೊತ್ತಿರುವುದು ಅಡುಗೆಮನೆಯಲ್ಲಿರುವ ನಿಮಗೆ. ಆದ್ದರಿಂದ ನೀವೇ ಹೋಗಿ, ಆಗದಿದ್ದರೆ ಬರೆದು ಕಳುಹಿಸಿ. ಫ್ರಿಜ್ಜಿನ ಪಕ್ಕ ಒಂದು ನೋಟ್‌ಬುಕ್ ತೂಗುಹಾಕಿ. ದಿನವೂ ಐದು ವಿಷಯ ಬರೆಯಿರಿ: ತಿಂದದ್ದು, ಕುಡಿದ ನೀರು, ಮೂತ್ರ, ನಡಿಗೆ, ಇನ್ಸುಲಿನ್ ಕೊಟ್ಟ ಹೊತ್ತು ಮತ್ತು ಕೊಟ್ಟವರ ಹೆಸರು. ವಾರಕ್ಕೊಮ್ಮೆ ತೂಕ. ಹಠಾತ್ತನೆ ಬಂತು ಎನಿಸುವ ತೊಂದರೆಗಳಲ್ಲಿ ಹೆಚ್ಚಿನವು ಎರಡು ಮೂರು ದಿನ ಮೊದಲೇ ಆ ಪುಟಗಳಲ್ಲಿ ಕಾಣಿಸಿಕೊಂಡಿರುತ್ತವೆ.

ಮನೆಯ ಶುಗರ್ ಯಂತ್ರದಲ್ಲೂ ಬೆಕ್ಕಿನ ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ನೋಡಬಹುದು. ಮನುಷ್ಯರ ಯಂತ್ರ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಅಂಕಿ ತೋರಿಸುತ್ತದೆ. ಅಂಕಿಯನ್ನು ಬರೆದಿಡಿ. ಆದರೆ ಅದನ್ನು ನೋಡಿ ನೀವೇ ಅಳತೆ ಬದಲಿಸಬೇಡಿ.

ಬೆಕ್ಕಿಗೆ ಇಷ್ಟು ಖರ್ಚೇ?

ಈ ಮಾತನ್ನು ಗಂಡ ಹೇಳದಿದ್ದರೆ ನೆರೆಯವರಾದರೂ ಹೇಳುತ್ತಾರೆ. ಮಕ್ಕಳ ಫೀಸು, ಬಾಡಿಗೆಯ ನಡುವೆ ಅದು ಸುಳ್ಳು ಪ್ರಶ್ನೆಯೂ ಅಲ್ಲ. ಅಲ್ಲಾಹನು ಯಾರ ಮೇಲೂ ಶಕ್ತಿಗೆ ಮೀರಿದ ಹೊರೆ ಹೊರಿಸುವುದಿಲ್ಲ. ಸಾಲ ಮಾಡಿ ಚಿಕಿತ್ಸೆ ಕೊಡಿಸಬೇಕೆಂದಿಲ್ಲ. ನಮ್ಮ ಕೈಲಾಗುವುದು ಇಷ್ಟೇ ಎಂದು ವೈದ್ಯರಿಗೆ ಮೊದಲೇ ಹೇಳಿ, ಅಷ್ಟರಲ್ಲಿ ಆಗುವ ದಾರಿ ಕೇಳಿ. ಎಲ್ಲ ಪರೀಕ್ಷೆಗಳೂ ಒಂದೇ ದಿನ ಆಗಬೇಕಿಲ್ಲ. ಗುಣವಾಗುವುದಿಲ್ಲ ಎಂದು ವೈದ್ಯರು ಹೇಳುವ ಹಂತ ಬಂದರೆ, ಮುಂದೇನು ಎಂಬುದನ್ನು ಅವರೊಂದಿಗೂ ತಿಳಿದ ಆಲಿಮರೊಂದಿಗೂ ಮಾತಾಡಿ ನಿರ್ಧರಿಸಿ. ಆದರೆ ಖರ್ಚಿಲ್ಲದ ಆರೈಕೆಯನ್ನೂ ನಿಲ್ಲಿಸಿ ಬೀದಿಗೆ ಬಿಟ್ಟುಬರುವುದು ಅಮಾನತ್ತಿಗೆ ದ್ರೋಹ.

ಇನ್ನೊಂದು ಲೆಕ್ಕವೂ ನೆನಪಿರಲಿ. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದದ್ದು ನಾಯಿಗಳ ಮೇಲೆ ಪ್ರಯೋಗ ಮಾಡಿ. 1922ರ ಜನವರಿಯಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಅದನ್ನು ಮೊದಲು ಚುಚ್ಚಲಾಯಿತು. 1982ರಲ್ಲಿ ಬ್ಯಾಕ್ಟೀರಿಯಾಗಳಿಂದ ತಯಾರಿಸಿದ ಇನ್ಸುಲಿನಿಗೆ ಅನುಮತಿ ಸಿಗುವವರೆಗೆ ಇನ್ಸುಲಿನ್ ಬೇಕಾದ ಜಗತ್ತಿನ ಸಕ್ಕರೆ ರೋಗಿಗಳು ಬದುಕಿದ್ದು ಪ್ರಾಣಿಗಳ ಗ್ರಂಥಿಯಿಂದ ತೆಗೆದ ಔಷಧಿಯಿಂದಲೇ. ನಮ್ಮ ಹಿರಿಯರ ಆಯುಷ್ಯದಲ್ಲಿ ಮೂಕಪ್ರಾಣಿಗಳ ಋಣವಿದೆ.

ಬಾಯಾರಿದ ನಾಯಿಗೆ ನೀರು ಕುಡಿಸಿದವನನ್ನು ಅಲ್ಲಾಹನು ಕ್ಷಮಿಸಿದ ವಿಷಯವನ್ನು ಪ್ರವಾದಿ(ಸ)ರು ಹೇಳಿದಾಗ, ಪ್ರಾಣಿಗಳ ವಿಷಯದಲ್ಲೂ ನಮಗೆ ಪ್ರತಿಫಲವಿದೆಯೇ ಎಂದು ಅನುಚರರು ಕೇಳಿದ್ದರು. ಜೀವವಿರುವ ಪ್ರತಿಯೊಂದರ ವಿಷಯದಲ್ಲೂ ಪ್ರತಿಫಲವಿದೆ ಎಂಬುದು ಅವರಿಗೆ ಸಿಕ್ಕ ಉತ್ತರ. ಬೆಳಿಗ್ಗೆ ಸಂಜೆ ಎರಡು ನಿಮಿಷದ ಚುಚ್ಚುಮದ್ದು, ಒಂದು ಸಾಲು ಬರಹ, ಒಲೆಯ ಬದಿಯಲ್ಲಿ ಒಂದು ಬಾಟಲಿ ಜೇನು. ಒಂದು ಜೀವ ಉಳಿಯಲು ಮನೆಯಿಂದ ಬೇಕಾದದ್ದು ಹೆಚ್ಚಿನ ದಿನಗಳಲ್ಲಿ ಇಷ್ಟೇ.