ಹುಟ್ಟಿನಿಂದ ಬಂದ ಹೃದಯದೋಷ: ಹೊತ್ತು ಮೀರಬಾರದು

ಹುಟ್ಟುವ ಪ್ರತಿ 1,000 ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳಿಗೆ ಹೃದಯದ ರಚನೆಯಲ್ಲೇ ದೋಷ ಇರುತ್ತದೆ. ಇದೇ ಜನ್ಮಜಾತ ಹೃದಯರೋಗ. ‘ಹಾರ್ಟಿನಾಗ ತೂತು ಐತಿ’ ಎಂದು ಜನ ಹೇಳುವುದು ಇದನ್ನೇ. ಆದರೆ ತೂತು ಇದರ ಒಂದು ಬಗೆ ಮಾತ್ರ. ಕವಾಟ ಕಿರಿದಾಗಿರಬಹುದು, ದೊಡ್ಡ ರಕ್ತನಾಳಗಳು ಅದಲುಬದಲಾಗಿರಬಹುದು.

ಗರ್ಭದ ಮೊದಲ ಎಂಟು ವಾರಗಳಲ್ಲೇ ಹೃದಯ ರೂಪುಗೊಳ್ಳುತ್ತದೆ. ತಾಯಿಗೆ ಬಸುರು ಖಚಿತವಾಗುವಷ್ಟರಲ್ಲಿ ದೋಷ ಆಗಿಹೋಗಿರುವುದೂ ಉಂಟು. ಬಹಳಷ್ಟು ಸಲ ಕಾರಣ ತಿಳಿಯುವುದೇ ಇಲ್ಲ. ಬಸುರಿಯಲ್ಲಿ ರುಬೆಲ್ಲಾ ಸೋಂಕು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಅಪಸ್ಮಾರದ ಕೆಲವು ಮಾತ್ರೆಗಳು ಅಪಾಯ ಹೆಚ್ಚಿಸುತ್ತವೆ. ಸೋದರಮಾವ, ಅತ್ತೆಯ ಮಗ ಎಂದು ಹತ್ತಿರದ ರಕ್ತಸಂಬಂಧದಲ್ಲಿ ಮಾಡುವ ಮದುವೆಯೂ ಅಷ್ಟೇ. ಮೈಸೂರಿನ ಸಂಶೋಧಕರ 2006ರ ಅಧ್ಯಯನ ಇದನ್ನೇ ಹೇಳಿದೆ. ಜನ ನಂಬುವಂತೆ ಗ್ರಹಣ ಇದಕ್ಕೆ ಕಾರಣವಲ್ಲ. ಬಾಣಂತಿಯನ್ನು ದೂರುವುದು ಅನ್ಯಾಯ.

ಹೆಚ್ಚಾಗಿ ಕಾಣುವುದು ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿನ ರಂಧ್ರ. ಚಿಕ್ಕದಾದರೆ ಎಷ್ಟೋ ಮಕ್ಕಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ದೊಡ್ಡದಾದರೆ ಎಡಗಡೆಯ ರಕ್ತ ಬಲಕ್ಕೆ ನುಗ್ಗಿ ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತದೆ. ಆಗ ಕೂಸು ಮೊಲೆ ಕಚ್ಚುತ್ತದೆ, ನಾಲ್ಕು ಗುಟುಕು ಕುಡಿದು ಬಿಡುತ್ತದೆ, ಏದುಸಿರು ಬಿಡುತ್ತದೆ. ಹಣೆ ಬೆವರುತ್ತದೆ, ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತದೆ. ತೂಕ ಏರುವುದಿಲ್ಲ, ಮೇಲಿಂದ ಮೇಲೆ ನ್ಯುಮೋನಿಯಾ. ಇದನ್ನು ಬರೀ ‘ಕಫ’ ಎಂದು ತಳ್ಳಿಹಾಕಬಾರದು. ತುಟಿ, ಉಗುರು ನೀಲಿಗಟ್ಟುವುದು ಇನ್ನೊಂದು ಬಗೆ. 1888ರಲ್ಲಿ ಫ್ರಾನ್ಸಿನ ವೈದ್ಯ ಫಾಲೋ ವಿವರಿಸಿದ ನಾಲ್ಕು ದೋಷಗಳ ಕೂಟ ಈ ಬಗೆಯದು. ಅಂಥ ಮಗು ಆಡುತ್ತ ಆಡುತ್ತ ಕುಕ್ಕರಗಾಲಿನಲ್ಲಿ ಕೂತುಬಿಡುತ್ತದೆ. ಹಠಾತ್ತನೆ ನೀಲಿಗಟ್ಟಿದರೆ ಮೊಣಕಾಲನ್ನು ಎದೆಗೊತ್ತಿ ಹಿಡಿದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

‘ದೊಡ್ಡವನಾದ ಮೇಲೆ ನೋಡೋಣ’ ಎಂಬ ಮಾತೇ ಇಲ್ಲಿ ದೊಡ್ಡ ಅಪಾಯ. ದೊಡ್ಡ ರಂಧ್ರವನ್ನು ವರ್ಷಗಟ್ಟಲೆ ಬಿಟ್ಟರೆ ಶ್ವಾಸಕೋಶದ ನಾಳಗಳು ಗಡುಸಾಗಿ ರಕ್ತದ ಹರಿವೇ ತಿರುವುಮುರುವಾಗುತ್ತದೆ. ಆಮೇಲೆ ರಂಧ್ರ ಮುಚ್ಚಿದರೆ ಜೀವಕ್ಕೇ ಕುತ್ತು. ಸಕಾಲಕ್ಕೆ ಬಂದರೆ ಶಸ್ತ್ರಚಿಕಿತ್ಸೆಯಿಂದಲೋ, ಕೆಲವು ರಂಧ್ರಗಳನ್ನು ತೊಡೆಯ ನಾಳದ ಮೂಲಕ ಸಾಗಿಸಿದ ಬಿರಡೆಯಿಂದಲೋ ಮುಚ್ಚಬಹುದು.

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಪಾಳಾದಂಥ ಊರಿನಲ್ಲಿ, ಜೋಯಿಡಾದ ಕಾಡಂಚಿನ ಹಾಡಿಗಳಲ್ಲಿ ಹೃದ್ರೋಗತಜ್ಞರಿಲ್ಲ. ಸುಸಜ್ಜಿತ ಆಸ್ಪತ್ರೆಗಾಗಿ ಜಿಲ್ಲೆಯ ಜನ ದನಿ ಎತ್ತುತ್ತಲೇ ಬಂದಿದ್ದಾರೆ. ಹಾಗಾಗಿ ಮೊದಲ ಗುರುತು ಹಿಡಿಯಬೇಕಾದವರು ಬಾಣಂತಿಯ ಮನೆಗೆ ಬರುವ ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿಯವರು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಬೇಕು. ದೋಷ ಖಚಿತಪಡಿಸುವ ಹೃದಯದ ಸ್ಕ್ಯಾನ್, ಅಂದರೆ ಎಕೋ ಪರೀಕ್ಷೆಗೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಹತ್ತಿರ. ಬೆಂಗಳೂರಿನಲ್ಲಿ ಸರ್ಕಾರದ ಜಯದೇವ ಸಂಸ್ಥೆ ಇದೆ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ 2001ರಿಂದ ಹಣ ಪಡೆಯದೆ ಹೃದಯ ಶಸ್ತ್ರಚಿಕಿತ್ಸೆ ಮಾಡುತ್ತಿದೆ.

ಚಿಕಿತ್ಸೆಯಾದ ಬಹುಪಾಲು ಮಕ್ಕಳು ಓದಿ, ಆಡಿ, ದುಡಿದು ಬಾಳುತ್ತಾರೆ. ವೈದ್ಯರು ಬೇಡವೆನ್ನದ ಹೊರತು ಆಟ ತಪ್ಪಿಸಬಾರದು. ಹುಳುಕು ಹಲ್ಲಿನ ರೋಗಾಣು ರಕ್ತ ಸೇರಿ ಹೃದಯದ ಒಳಪೊರೆಗೆ ಅಂಟಿಕೊಳ್ಳಬಹುದು. ಅದಕ್ಕೇ ದಿನಾ ಹಲ್ಲುಜ್ಜುವುದು ಮುಖ್ಯ, ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೆ ಹೃದಯದ ವಿಷಯ ಹೇಳಲೇಬೇಕು. ಹೆಣ್ಣುಮಕ್ಕಳು ಬಸುರಾಗುವ ಮುಂಚೆಯೇ ಹೃದ್ರೋಗತಜ್ಞರನ್ನು ಕಾಣಬೇಕು. ಗುಣವಾಯಿತೆಂದು ತಪಾಸಣೆ ಬಿಡುವಂತಿಲ್ಲ. ಹಳೆಯ ಎಕೋ ವರದಿ, ಶಸ್ತ್ರಚಿಕಿತ್ಸೆಯ ಚೀಟಿಗಳನ್ನು ಜೋಪಾನವಾಗಿಟ್ಟು, ಮಗು ದೊಡ್ಡದಾದಾಗ ಅದರ ಕೈಗೇ ಕೊಡಿ.